ಹೊಳೆಗೆ ಬಾರದ ನೀರು

ಗುಂಡಿಯೊಳಗೆ ನೀರು ಭೋರ್ಗರೆದು ಇಳಿಯುತ್ತಿತ್ತು. ಹೊಳೆದಂಡೆಯ ಕೊಳವೆಯಿಂದ ಮಾತ್ರ ಒಂದು ಹನಿಯೂ ಹೊರಬರಲಿಲ್ಲ. ಇಂಜಿನಿಯರ್ ಧನ್ಯಶ್ರೀ ಕೊಡೆ ಹಿಡಿದು ಕಾದೇ ಕಾದಳು. ಮುಂಗಾರಿನ ಮೊದಲ ದೊಡ್ಡ ಮಳೆ. ಹೆಮ್ಮಾಡಿ ದಾಟಿದ ಮೇಲೆ ಹೆದ್ದಾರಿ ಬದಿಗೆ ಸಿಗುವ ಆ ಸಣ್ಣ ಪೇಟೆಯ ಗ್ಯಾರೇಜುಗಳ ಎಣ್ಣೆ, ಮೀನಿನ ಲಾರಿಗಳು ಸುರಿಸಿ ಹೋದ ಗಲೀಜು ಎಲ್ಲವೂ ಇಂಥ ಮಳೆಯಲ್ಲೇ ಕೊಚ್ಚಿಕೊಂಡು ಬರುವುದು. ಆ ಕೊಳೆ ಹೊಳೆ ಸೇರದಿರಲೆಂದು ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವಳೇ ನಕ್ಷೆ ಹಾಕಿ ಗುಂಡಿ ಮಾಡಿಸಿದ್ದಳು. ಚರಂಡಿಯ ನೀರು ಅಲ್ಲಿ ನಿಂತು ಕೆಸರು ಬಿಟ್ಟು, ಮರಳಿನ ಹಾಸಿನಲ್ಲಿ ಸೋಸಿಕೊಂಡು, ಕೊಳವೆಯಿಂದ ಹೊಳೆಗಿಳಿಯಬೇಕು. ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು ಬೆಳಿಗ್ಗೆ ಗುಂಡಿಗೆ ಬಣ್ಣದ ಪುಡಿ ಹಾಕಿದ್ದಳು. ಡಬ್ಬಿಯಲ್ಲಿ ಕೇಸರಿ, ನೀರಿಗೆ ಬಿದ್ದೊಡನೆ ಗಿಳಿಹಸಿರು. ಯಾರಿಗೂ ಅಪಾಯವಿಲ್ಲದ ಪುಡಿ. ನೀರಿನ ಜಾಡು ಹಿಡಿಯಲಿಕ್ಕಷ್ಟೇ.

"ಕೊಳವಿ ಕಟ್ಟಿತಾ ಕಾಂತ್, ಮೇಡಂ," ಎಂದರು ಗುಂಡಿ ಕಟ್ಟಿಸಿದ್ದ ಕಂಟ್ರಾಕ್ಟರ್ ಲೀಲಾಧರ.

"ಕಟ್ಟಿದ್ರೆ ಗುಂಡಿ ತುಂಬ್ಕಿತ್ತಲ್ದಾ, ಲೀಲಾಧರಣ್ಣ?"

ಇಬ್ಬರೂ ಗುಂಡಿಯ ಬಳಿ ಬಂದರು. ಮೂಲೆಯಲ್ಲಿ ಹಸಿರು ನೀರು ಸುಳಿ ಸುತ್ತಿ ಕೆಳಗಿಳಿಯುತ್ತಿತ್ತು. ಮಳೆ ಸ್ವಲ್ಪ ಬಿಟ್ಟಾಗ ಕಾಲಡಿಯಲ್ಲಿ ಒಂದು ಸದ್ದು ಕೇಳಿಸಿತು, ನೆಲದೊಳಗೆ ಯಾರೋ ಗಟಗಟನೆ ಕುಡಿಯುತ್ತಿರುವ ಸದ್ದು. ಧನ್ಯಶ್ರೀ ಅದರ ಹಿಂದೆಯೇ ಹೆಜ್ಜೆ ಹಾಕಿದಳು. ಸದ್ದು ಹೊಳೆಗೆ ಬೆನ್ನು ಹಾಕಿ ಹೆದ್ದಾರಿಯ ಕಡೆ ಹೊರಟಿತ್ತು.

"ಈ ಬದಿಗೆ ಹೊಳಿ ಇಲ್ಲೆ, ಮೇಡಂ," ಎಂದ ಲೀಲಾಧರರ ದನಿ ಸಣ್ಣಗಾಗಿತ್ತು. ಅಷ್ಟರಲ್ಲಿ ರಸ್ತೆಯಾಚೆಯ ಮನೆಯಿಂದ ಕೂಗು ಕೇಳಿತು. "ಹ್ವಾಯ್! ಯಾರಾರೂ ಬನಿ!"

ಕೂಗಿದ್ದು ಗಿರಿಜಕ್ಕ. ಕೇರಿಗೆಲ್ಲ ಕುಡಿಯುವ ನೀರು ಅವರ ಬಾವಿಯದೇ. ಧನ್ಯಶ್ರೀ ಬಗ್ಗಿ ನೋಡಿದಳು. ತಳದ ಕತ್ತಲಲ್ಲಿ ನೀರು ತನ್ನಷ್ಟಕ್ಕೆ ತಾನೇ ಹಸಿರಾಗಿ ಬೆಳಗುತ್ತಿತ್ತು. ಬಾವಿಗೋಡೆಯ ಕೆಂಪು ಮುರಕಲ್ಲಿನ ಸಂದಿಯ ಜರಿಗಿಡಗಳ ಅಡಿಭಾಗಕ್ಕೂ ಆ ಬೆಳಕು ಬಡಿದಿತ್ತು.

"ಬ್ಯಾಸಗಿಲೂ ಬತ್ತದ ಬಾವಿ ಇದ್. ಯಾರ್ ಕಣ್ ಬಿತ್ತ್, ಮಗಾ?"

"ಯಾರದ್ದೂ ಅಲ್ಲ, ಗಿರಿಜಕ್ಕ. ಅದ್ ನಾನ್ ಹಾಕಿದ್ ಬಣ್ಣ."

"ನೀ ಬಾವಿ ಬದಿಗ್ ಬರ್ಲೇ ಇಲ್ಲೆ!"

ಸೊಸೆ ಶ್ರಾವ್ಯ ಮಗುವಿನ ಹಾಲಿನ ಬಾಟಲಿ ಹಿಡಿದು ಹೊರಗೆ ಬಂದಳು. ಅದರಲ್ಲಿ ಕಾಯಿಸಿ ಆರಿಸಿದ ಬಾವಿ ನೀರು. ಸ್ಟೀಲ್ ಪಾತ್ರೆಯಲ್ಲಿ ಗೊತ್ತಾಗದ ಬಣ್ಣ, ಅಂಗಳದ ಬೆಳಕಿಗೆ ಬಾಟಲಿಯಲ್ಲಿ ತೆಳ್ಳಗೆ ಮಿನುಗಿತು. "ಮಗುಗೆ ಆಗಳೇ ಕುಡ್ಸಿದೆ," ಎಂದಳು.

"ಬಣ್ಣದಿಂದ ಎಂತದೂ ಆತಿಲ್ಲೆ. ಹೆದ್ರಬೇಡ," ಎಂದಳು ಧನ್ಯಶ್ರೀ. ಅಷ್ಟು ಹೇಳುತ್ತಲೇ ರಸ್ತೆಯಾಚೆಯ ಗುಂಡಿಯ ಕಡೆ ತಿರುಗಿ ನೋಡಿದಳು.

ಗಿರಿಜಕ್ಕ ಅವಳ ಮುಖವನ್ನೇ ನೋಡಿದರು. "ಹಂಗಾರೆ ನಿನ್ ಮುಖ ಎಂತಕೆ ಹೀಂಗಾಯ್ತ್?"

"ಬಣ್ಣ ಬಂದ್ ದಾರಿಲೇ ಗ್ಯಾರೇಜಿನ್ ನೀರೂ ಬರ್ತಿತ್ತ್, ಗಿರಿಜಕ್ಕ. ಹೋದ್ ಮಳೆಗಾಲದಿಂದ್ಲೂ."

ಗಿರಿಜಕ್ಕ ಸೊಸೆಯ ಕಡೆ ತಿರುಗಿದರು. "ಹೋದ್ ಮಳೆಗಾಲದಲ್ ಇವ್ಳ್ ಬಸ್ರಿ," ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಅಂದೇ ಚರಂಡಿಗೆ ಮರಳಿನ ಚೀಲ ಅಡ್ಡ ಹಾಕಿ ಗುಂಡಿಗೆ ನೀರು ಬರದಂತೆ ಮಾಡಿದರು. ಪೇಟೆಯ ಕೊಳೆ ಮತ್ತೆ ಹಳೆಯ ದಾರಿಯಲ್ಲೇ ಹೊಳೆಗಿಳಿಯಿತು. ಅದನ್ನು ನೋಡುತ್ತ ನಿಲ್ಲುವುದಲ್ಲದೆ ಧನ್ಯಶ್ರೀಗೆ ಬೇರೆ ಉಪಾಯವಿರಲಿಲ್ಲ. ಗುಂಡಿ ಬರಿದಾಗಿ ಕೆಸರು ತೆಗೆದಾಗ ಮೂಲೆಯ ಮುರಕಲ್ಲಿನಲ್ಲಿ ಒಂದು ಸುರಂಗದ ಬಾಯಿ ಕಾಣಿಸಿತು. ಟಾರ್ಚಿನ ಬೆಳಕು ಅದರ ಕೊನೆ ಮುಟ್ಟಲಿಲ್ಲ. ಒಳಗಿನಿಂದ ತಣ್ಣನೆಯ ಗಾಳಿ ಬಂದು ಅವಳ ಮುಖಕ್ಕೆ ತಾಗಿತು. ಅದರಲ್ಲಿ ಡೀಸೆಲ್ಲಿನ ವಾಸನೆಯಿತ್ತು.

ಬಾವಿಯ ನೀರನ್ನು ಈ ಮಳೆಗಾಲ ಮುಗಿಯುವ ತನಕ ಬಾಯಿಗೆ ಹಾಕಬಾರದೆಂದು ಪರೀಕ್ಷೆ ಮಾಡಿದವರು ಹೇಳಿದರು. ಟ್ಯಾಂಕರ್ ಬಂತು. ಅದರ ನೀರಿಗೆ ಬ್ಲೀಚಿಂಗ್ ವಾಸನೆ. ಆದರೂ ಹಸಿರು ಕಂಡ ಕೇರಿಯವರು ಬಾವಿಯತ್ತ ಸುಳಿಯಲಿಲ್ಲ. ದಿನ ಕಳೆದಂತೆ ಆ ಹಸಿರು ತೆಳುವಾಗುತ್ತ ಬಂದು ಒಂದು ಬೆಳಿಗ್ಗೆ ಪೂರ್ತಿ ಮಾಯವಾಯಿತು. ತಳದ ಕಲ್ಲು ಕಾಣುವಷ್ಟು ತಿಳಿ. ಧನ್ಯಶ್ರೀ ಬರುವಷ್ಟರಲ್ಲಿ ಕಟ್ಟೆಯ ಸುತ್ತ ಕೊಡಪಾನಗಳು ಕೂತಿದ್ದವು.

"ಕುಡೀಬೇಡಿ, ಸರೋಜಕ್ಕ," ಎಂದಳು ಹಗ್ಗ ಎಳೆಯುತ್ತಿದ್ದ ಪಕ್ಕದ ಮನೆಯ ಹೆಂಗಸಿಗೆ.

"ಹಸ್ರ್ ಹೋಯ್ತಲೆ ಮೇಡಂ. ಕಾಣಿ, ಕನ್ನಡಿ ಇದ್ದಾಂಗಿತ್ತ್!"

"ಹಸ್ರಲ್ಲಿ ಎಂತದೂ ಇರ್ಲಿಲ್ಲ. ವಿಷ ಕಣ್ಣಿಗ್ ಕಾಂತಿಲ್ಲೆ."

"ಕಾಣ್ದಿದ್ದಕ್ಕೆ ಹೆದ್ರಿ ಕೂಕಂಡ್ರೆ ಆತ್ತಾ?" ಸರೋಜ ನಕ್ಕು ತುಂಬಿದ ಕೊಡಪಾನ ಸೊಂಟಕ್ಕೇರಿಸಿದರು. ಉಳಿದವರೂ ನಕ್ಕರು.

ಮಧ್ಯಾಹ್ನ ಕಟ್ಟೆಯ ಬಳಿ ಯಾರೂ ಇಲ್ಲದಾಗ ಧನ್ಯಶ್ರೀ ಬಾವಿಯ ಮೇಲೆ ಬಗ್ಗಿದಳು. ಡಬ್ಬಿಯ ಮುಚ್ಚಳ ತೆಗೆದು ಕೊಂಚ ಪುಡಿ ಉದುರಿಸಿದಳು. ಕೇಸರಿ ಧೂಳು ನೀರು ಮುಟ್ಟಿತು. ಹಸಿರು ಎಳೆಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತ ಆಳಕ್ಕಿಳಿದವು. ತಲೆಯೆತ್ತಿದರೆ ಎದುರಿಗೆ ಮೊಮ್ಮಗನನ್ನು ಎತ್ತಿಕೊಂಡ ಗಿರಿಜಕ್ಕ.

ಅವರು ಹತ್ತಿರ ಬಂದು ಬಾವಿಗೆ ಇಣುಕಿದರು. ತಳದಿಂದ ಹಸಿರು ಮೇಲಕ್ಕೆ ಬೆಳಗತೊಡಗಿತ್ತು. ಮಗು ಅದನ್ನು ನೋಡಿ ನಗುತ್ತ ಕೈ ಚಾಚಿತು. ಗಿರಿಜಕ್ಕ ಅದರ ಕೈಯನ್ನು ಮೆಲ್ಲಗೆ ಮಡಚಿ ಹಿಡಿದುಕೊಂಡರು.

"ಆ ಡಬ್ಬಿ ಇಲ್ಲೇ ಇಟ್ಟಿಕ್ ಹೋಗ್, ಮಗಾ."