ಅಕ್ಕನ ಪಥ್ಯ

ಮೊಮ್ಮಗಳು ಮೊದಲ ಸಲ ತಾನೇ ಉಪ್ಸಾರು ಕಾಯಿಸಿ ಬಡಿಸಿದಳು, ಹಿಗ್ಗಿಹೋದೆ. ಆ ಘಮಕ್ಕೆ ಬೆಸಗರಹಳ್ಳಿಯ ಒಂದು ಮಧ್ಯಾಹ್ನ ನೆನಪಾಯಿತು.

ನನ್ನಕ್ಕ ಕೆಲವು ತಿಂಗಳು ನಿದ್ದೆಯಿಲ್ಲದೆ ಕುಣಿಯುವಳು, ಕೆಲವು ತಿಂಗಳು ಗೋಡೆಗೆ ಮುಖಮಾಡಿ ಮಲಗುವಳು. ಬೆಂಗಳೂರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಸಮನಾಗಿದ್ದಳು. ಮದ್ದಿಗೆ ಪಥ್ಯ ಬೇಕೆಂದು ಅಜ್ಜಿ ಅವಳಿಗೆ ಉಪ್ಪು ಬಿಡಿಸಿದಳು. ಕೆಲವೇ ದಿನಕ್ಕೆ ಅಕ್ಕನ ಕೈ ನಡುಗಿತು, ಮಾತು ತೊದಲಿತು. ಅಪ್ಪ ಮಂಡ್ಯದ ಆಸ್ಪತ್ರೆಗೆ ಹೊತ್ತೊಯ್ದ.

"ಉಪ್ಪು ಬಿಡಿಸಿದ್ರೆ ಈ ಮಾತ್ರೆ ಮೈಯಲ್ಲೇ ನಿಂತು ವಿಷ ಆಗುತ್ತೆ ಕಣ್ರೀ" ಎಂದರು ಡಾಕ್ಟರು.

ವಾಸಿಯಾಗಿ ಬಂದ ಮಧ್ಯಾಹ್ನ ಅಜ್ಜಿ ಮುದ್ದೆ, ಉಪ್ಸಾರು ಬಡಿಸುತ್ತ ಅತ್ತಳು: "ನಾನೇ ಕೊಲ್ತಿದ್ನಲ್ಲವ್ವಾ!"

"ಅಳೋದ್ ಬುಡಜ್ಜಿ, ಉಪ್ಪು ಆಕು. ನಿನ್ ಸಪ್ಪೆ ಸಾರಿಗೇ ಹುಚ್ಚಿಡಿತಿತ್ತು" ಎಂದಳು ಅಕ್ಕ.

ನಾವೆಲ್ಲ ನಕ್ಕೆವು. ಅಜ್ಜಿ ಮಾತ್ರ ಅಕ್ಕ ಉಂಡು ಏಳುವವರೆಗೂ ಅವಳ ಎಡಗೈಯನ್ನು ತನ್ನ ಅಂಗೈಯಲ್ಲಿ ಹಿಡಿದೇ ಕೂತಿದ್ದಳು. ಆ ಕೈ ಈಗ ನಡುಗಲಿಲ್ಲ.