ನಲವತ್ತೊಂದು ಅಡ್ಡಹೆಸರುಗಳು

“ಏಳವಾ, ಕುರ್ಚಿ ಬಿಡು. ಇವತ್ತ ನಿನ್ನ ಬಣ್ಣ ಬಯಲ ಆಗ್ಲಿ,” ಎಂದರು ಪಂಪಾಪತಿ ಮಾಸ್ತರರು.

ಗುಲ್ಶನ ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತಳು. ಗಂಗಾವತಿಯ ಆ ಅಕ್ಕಿ ಪರೀಕ್ಷಾ ಕೇಂದ್ರದ ಮಾಲೀಕ ಕಳಕಪ್ಪನವರು ಅವಳ ಗುತ್ತಿಗೆಯ ಕಾಗದ ಹಿಡಿದು ಕೂತಿದ್ದರು. ರುಜು ಬಿದ್ದರೆ ಇನ್ನೊಂದು ವರ್ಷದ ಕೆಲಸ. ಬೀಳದಿದ್ದರೆ ಇಂದೇ ಮನೆಗೆ.

ಮಾಸ್ತರರಿಗೆ ಅವಳ ಮೇಲಿದ್ದದ್ದು ದ್ವೇಷವಲ್ಲ, ತಿರಸ್ಕಾರ, ಅದೂ ತತ್ವಕ್ಕಾಗಿ. ಯಂತ್ರಕ್ಕೆ ಕೊಡುವ ಕಮಾಂಡನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಕೈಯಾರೆ ಒತ್ತುವುದು ವಿದ್ಯೆ. ಈಕೆಯೋ, ಸಾಲುದ್ದದ ಕಮಾಂಡಿಗೆ ಎರಡಕ್ಷರದ ಅಡ್ಡಹೆಸರು ಕಟ್ಟಿ, ಅದನ್ನಷ್ಟೇ ಒತ್ತಿ, ಕೈಕಟ್ಟಿ ಕೂರುವವಳು. ಆ ಹೆಸರುಗಳನ್ನು ಸೇರಿಸಲು, ಅಳಿಸಲು ಯಂತ್ರದಲ್ಲಿ ಒಂದು ಪುಟ್ಟ ಸಾಧನವನ್ನೂ ಹಾಕಿಕೊಂಡಿದ್ದಳು. ಸೋಮಾರಿತನಕ್ಕೂ ಒಂದು ಉಗ್ರಾಣ!

ಯಲಬುರ್ಗಾದಲ್ಲಿ ಟೈಪಿಂಗ್ ಶಾಲೆ ನಡೆಸಿ ಬಂದವರು ಮಾಸ್ತರರು. ಇಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ನಾಲ್ಕು ವರ್ಷದ ಹಿಂದೆ ಹಳೆಯ ಯಂತ್ರ ಹೋಗಿ ಹೊಸದು ಬಂತು. ಅದೇ ವಾರ ಗುಲ್ಶನಳೂ ಬಂದಳು. ಯಂತ್ರ ಬದಲಾದರೂ ತಮ್ಮ ಒಂದು ಕಮಾಂಡೂ ಬದಲಾಗಲಿಲ್ಲವೆಂದು ಮಾಸ್ತರರು ಊರೆಲ್ಲ ಹೇಳಿಕೊಂಡಿದ್ದರು. ಶುದ್ಧವಾಗಿ ಕಲಿತದ್ದು ಸವೆಯುವುದಿಲ್ಲ.

“ಎರಡೆರಡು ಹೆಸರು ಕಳ್ಳರಿಗಿರತಾವ್ರಿ ಸಾವಕಾರ್ರ, ಕಮಾಂಡಿಗಲ್ಲ,” ಎಂದರು ಕಳಕಪ್ಪನವರಿಗೆ. “ಎಲ್ಲಾ ಅಳಸ್ತೀನಿ. ಆಮ್ಯಾಲ ಈಕಿ ಒಂದ ವರದಿ ತಗದ ತೋರಸ್ಲಿ.”

“ಅಳಸಬ್ಯಾಡ್ರಿ ಸರ್,” ಗುಲ್ಶನಳ ದನಿ ಕುಗ್ಗಿತು. “ಮರ್ಯಾದಿ ಪ್ರಶ್ನೆ ಐತ್ರಿ.”

“ಈಗ ನೆನಪಾತೇನು ಮರ್ಯಾದಿ?”

ಮಾಸ್ತರರು ಅವಳ ಕುರ್ಚಿಯಲ್ಲಿ ಕೂತು ಆ ಸಾಧನವನ್ನು ತೆರೆದರು.

ನಲವತ್ತೊಂದು ಅಡ್ಡಹೆಸರುಗಳನ್ನೂ ಅಳಿಸಲೇ ಎಂದು ಸಾಧನ ಕೇಳಿತು. ಪಟ್ಟಿಯನ್ನು ತೆರೆದು ಓದುವಷ್ಟು ಗೌರವವನ್ನೂ ಕೊಡದೆ ಮಾಸ್ತರರು ಹೌದೆಂದು ಒತ್ತಿದರು. ಕಸ ಗುಡಿಸಿದಷ್ಟು ಸಮಾಧಾನವಾಯಿತು.

ಗುಲ್ಶನ ಕೂತಳು. ಅವಳ ಬೆರಳುಗಳು ತಡವರಿಸದೆ ಸಾಲುದ್ದದ ಕಮಾಂಡನ್ನು ಬರೆದವು. ಪ್ರಿಂಟರ್ ಗುರುಗುಟ್ಟಿತು, ಕಾರಟಗಿಯ ಗಿರಣಿಯೊಂದರ ಸೋನಾಮಸೂರಿಯ ತೇವಾಂಶದ ವರದಿ ಹೊರಬಿತ್ತು. ಕಳಕಪ್ಪನವರು ಕಾಗದಕ್ಕೆ ರುಜು ಹಾಕಿದರು.

“ಬರೇ ಬಾಯಿಪಾಠ,” ಎಂದು ಮಾಸ್ತರರು ಮೂಗು ಮುರಿದರು. “ಸರಿ ಆಕಡಿ. ವಿದ್ಯಾ ಅಂದ್ರೇನು ನಾ ತೋರಸ್ತೀನಿ.”

ತಾವೇ ಕೂತು, ಇಪ್ಪತ್ತೆರಡು ವರ್ಷದಿಂದ ಒತ್ತುತ್ತ ಬಂದ ಕಮಾಂಡನ್ನು ಒಂದಕ್ಷರವೂ ತಪ್ಪದಂತೆ ಒತ್ತಿದರು.

ಇಂಥ ಕಮಾಂಡ್ ಇಲ್ಲ ಎಂದಿತು ಪರದೆ.

ಇನ್ನೊಂದನ್ನು ಒತ್ತಿದರು. ಅದೂ ಇಲ್ಲ. ಮೂರನೆಯದೂ ಇಲ್ಲ.

“ಏನ್ ಮಾಡೀದಿ ಇದಕ್ಕ?” ಎಂದು ಗದರಿದರು.

“ನಿಮ್ಮುವೆಲ್ಲಾ ಹಳೇ ಮಷೀನಿನ ಕಮಾಂಡ್ರಿ ಸರ್, ಹೊಸಾದಕ್ಕ ಅವು ತಿಳಿಯೂದಿಲ್ಲ,” ಗುಲ್ಶನ ಮೆಲ್ಲಗೆ ಅಂದಳು. “ನಲವತ್ತೊಂದರಾಗ ನನ್ನುವು ಎರಡ, ಉಳಿದ ಮೂವತ್ತೊಂಬತ್ತೂ ನಿಮ್ಮುವು ಇದಕ್ಕ ತಿಳೀಲಿ ಅಂತ ನಿಮಗಂತನ ಕಟ್ಟಿದ್ದೆರಿ.”