ಬುಟ್ಟಿಯ ಚೀಟಿ

ಆ ಸಭೆಯಲ್ಲಿ ಭಾನುವಾರದ ಆರಾಧನೆಗೆ ಬಂದವರೆಲ್ಲ ಹೆಸರು ಹಾಕದೆ ತಮ್ಮ ಬೇಡಿಕೆಯನ್ನು ಚೀಟಿಯಲ್ಲಿ ಬರೆದು, ಮಡಚಿ ಬುಟ್ಟಿಗೆ ಹಾಕಬೇಕು. ಹೋಗುವಾಗ ಕೈಗೆ ಸಿಕ್ಕ ಒಂದು ಚೀಟಿ ಎತ್ತಿಕೊಂಡು, ಬರೆದವರು ಯಾರೇ ಆಗಿರಲಿ, ಅವರಿಗಾಗಿ ವಾರವಿಡೀ ಪ್ರಾರ್ಥಿಸಬೇಕು.

ವೆಲ್ಡಿಂಗ್ ಕೆಲಸದ ಜಯಶೀಲ ಬರೆದದ್ದು ಇಷ್ಟು: "ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷ. ಶನಿವಾರ ಅವಳ ಮಗಳ ಮದುವೆ. ಹೋಗಲೋ ಬೇಡವೋ, ಜ್ಞಾನ ಕೊಡು ಕರ್ತನೇ."

ಶುಕ್ರವಾರ ಸಂಜೆಯಾದರೂ ಅವನಿಗೆ ಏನೂ ಹೊಳೆಯಲಿಲ್ಲ. ಬಾಡಿಗೆ ಕೋಣೆಯ ಗೋಡೆ ನೋಡಿ ನೋಡಿ ಸಾಕಾಗಿ, ಸಿಟ್ಟು ನೆತ್ತಿಗೇರಿ, ಪಾದ್ರಿಯವರ ಮನೆ ಬಾಗಿಲು ಬಡಿದ.

"ಅಯ್ನೋರೆ, ನನ್ನ ಚೀಟಿ ಎತ್ತಿದೋರು ಯಾರು, ಹೇಳಿ!"

"ಅದು ನಂಗೂ ಗೊತ್ತಾಗಲ್ಲ ಕಣಪ್ಪ. ಏನಾಯ್ತು?"

"ಏನೂ ಆಗಿಲ್ಲ, ಅದೇ ನನ್ನ ಗೋಳು! ಆ ಪುಣ್ಯಾತ್ಮ ಒಂದಿನಾನೂ ಮೊಣಕಾಲು ಊರಿಲ್ಲ ಬಿಡಿ. ಊರಿದ್ರೆ ದೇವರು ಹಿಂಗೆ ಸುಮ್ನಿರ್ತಿದ್ನಾ? ಇಷ್ಟು ದೊಡ್ಡ ಸಭೇಲಿ ನನಗೋಸ್ಕರ ಐದು ನಿಮಿಷ ಕೊಡೋಕೆ ಒಬ್ಬರೂ ಇಲ್ಲ. ಇಂಥೋರ ಪಕ್ಕದಲ್ಲಿ ಕೂತು ನಾನು ಹಾಡಬೇಕು!"

ಪಾದ್ರಿಯವರು ಕುರ್ಚಿ ಎಳೆದು ಕೊಟ್ಟರು. "ಕೂತ್ಕೊ. ಅದಿರಲಿ, ನಿನಗೆ ಸಿಕ್ಕಿದ ಚೀಟೀಲಿ ಏನಿತ್ತು?"

ಜಯಶೀಲ ತಡವರಿಸಿದ. "ಅದು... ಇದೆ, ಇಲ್ಲೇ ಇದೆ" ಅನ್ನುತ್ತ ಪರ್ಸಿನೊಳಗಿಂದ ಚೀಟಿ ತೆಗೆದ. ಭಾನುವಾರ ಮಡಚಿದ್ದು ಬಿಚ್ಚದೆ ಹಾಗೇ ಇತ್ತು.

"ಓದಪ್ಪ," ಅಂದರು ಪಾದ್ರಿಯವರು.

ಅವನು ಚೀಟಿ ಬಿಡಿಸಿದ. ಅದರಲ್ಲಿದ್ದದ್ದು ಅವನದೇ ಕೈಬರಹ.